‘ಪ್ರಿವೆಂಟ್’ ಎಂಬ ಕ್ರಿಯಾಪದದ ಪೂರ್ವವೃತ್ತಾಂತ

ಮನುಷ್ಯರಿಗಿರುವಂತೆ ಶಬ್ದಗಳಿಗೂ ಪೂರ್ವವೃತ್ತಾಂತವುಂಟು. ಇಂಗ್ಲಿಷಿನ ‘ಪ್ರಿವೆಂಟ್’ ಎಂಬ ಕ್ರಿಯಾಪದಕ್ಕೆ ‘ತಡೆ’, ‘ನಿವಾರಿಸು’ ಎಂದು ಅರ್ಥ ಹೇಳುವುದು ನಮ್ಮಲ್ಲಿ ರೂಢಿ. ನಾನೂ ಬಹುಕಾಲ ಹಾಗೆಯೇ ಪಾಠ ಹೇಳಿದವನು. ಒಮ್ಮೆ ವಿದ್ಯಾರ್ಥಿಯೊಬ್ಬನು ಆಂಗ್ಲರ ಹಳೆಯ ಪ್ರಾರ್ಥನಾಗ್ರಂಥವನ್ನು ತಂದು, ತಮ್ಮ ಕಾರ್ಯಗಳಲ್ಲಿ ತಮ್ಮನ್ನು ‘ಪ್ರಿವೆಂಟ್’ ಮಾಡೆಂದು ಭಕ್ತರು ದೇವರನ್ನು ಬೇಡುವುದೇಕೆಂದು ಕೇಳಲು, ನಾನು ನಿರುತ್ತರನಾದೆನು.

ಆ ಗ್ರಂಥವು ಮೊದಲು ಪ್ರಕಟವಾದುದು 1549ರಲ್ಲಿ. ಲ್ಯಾಟಿನ್ ಭಾಷೆಯಲ್ಲಿ ‘ಪ್ರೇ’ ಎಂದರೆ ಮುಂದೆ, ‘ವೆನೀರೆ’ ಎಂದರೆ ಬರುವುದು. ಆದಕಾರಣ ಈ ಪದದ ಮೂಲಾರ್ಥವು ‘ಮುಂದಾಗಿ ಬರು’ ಎಂಬುದೇ. ಭಗವಂತನು ಮುಂದೆ ನಡೆದು ದಾರಿ ತೋರಲೆಂಬುದು ಆ ಪ್ರಾರ್ಥನೆಯ ಭಾವ. 1611ರ ಬೈಬಲ್ ಭಾಷಾಂತರದಲ್ಲಿಯೂ ಕೀರ್ತನಕಾರನು ಅರುಣೋದಯವನ್ನು ‘ಪ್ರಿವೆಂಟ್’ ಮಾಡಿದನೆಂದರೆ, ಬೆಳಗನ್ನು ತಡೆದನೆಂದಲ್ಲ, ಬೆಳಗಾಗುವುದಕ್ಕೆ ಮುಂಚೆಯೇ ಎದ್ದನೆಂದರ್ಥ.

ಆದರೆ ಮುಂದಾಗಿ ಹೋದವನು ದಾರಿ ತೋರಲೂಬಹುದು, ಹಿಂದಿರುಗಿ ಅಡ್ಡ ನಿಲ್ಲಲೂಬಹುದು. ಈ ಎರಡನೆಯ ಅರ್ಥವೇ ಕ್ರಮೇಣ ಪ್ರಬಲವಾಗಿ ಮೊದಲನೆಯದನ್ನು ಹೊರದೂಡಿತು. 1881ರಲ್ಲಿ ಹೊಸ ಒಡಂಬಡಿಕೆಯನ್ನು ಪರಿಷ್ಕರಿಸಿದ ಪಂಡಿತರು, ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಈ ಪದವನ್ನು ತೆಗೆದು ‘ಪ್ರಿಸೀಡ್’ ಎಂಬುದನ್ನಿಟ್ಟರು. ಸಂಸ್ಕೃತದಲ್ಲಿ ಈ ತೊಡಕಿಲ್ಲ. ಅಲ್ಲಿ ಪುರೋಗಾಮಿಯು ಬೇರೆ, ನಿವಾರಕನು ಬೇರೆ.

ಇದು ಕೇವಲ ವೈಯಾಕರಣರ ವಿನೋದವೆಂದು ವಾಚಕರು ಭಾವಿಸಬಾರದು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 22ನೆಯ ಅನುಚ್ಛೇದದಲ್ಲಿ ‘ಪ್ರಿವೆಂಟಿವ್ ಡಿಟೆನ್ಷನ್’ ಎಂಬ ಮಾತಿದೆ. ಮಾಡಿದ ಅಪರಾಧಕ್ಕೆ ಶಿಕ್ಷೆಯಲ್ಲ, ಮಾಡಬಹುದೆಂಬ ಶಂಕೆಯಿಂದಲೇ ಬಂಧನ. ಇಲ್ಲಿ ಪದದ ಹಳೆಯ ಅರ್ಥವೂ ಹೊಸ ಅರ್ಥವೂ ಕೂಡಿಕೊಂಡಿವೆ: ಕೃತ್ಯಕ್ಕಿಂತ ಮೊದಲು ಕಾನೂನು ಬಂದು ನಿಲ್ಲುತ್ತದೆ, ನಿಂತು ತಡೆಯುತ್ತದೆ. ಬಂಧನದ ಕಾರಣಗಳನ್ನು ಬಂಧಿತನಿಗೆ ಬೇಗನೆ ತಿಳಿಸಬೇಕೆಂದೂ, ಮೂರು ತಿಂಗಳನ್ನು ಮೀರಿ ಹಿಡಿದಿಡಬೇಕಾದರೆ ಸಲಹಾಮಂಡಲಿಯ ಅಭಿಪ್ರಾಯವು ಬೇಕೆಂದೂ ಅದೇ ಅನುಚ್ಛೇದವು ವಿಧಿಸಿದೆ. 1980ರ ರಾಷ್ಟ್ರೀಯ ಭದ್ರತಾ ಕಾಯಿದೆಯಾದರೋ ಇಂಥ ಬಂಧನಕ್ಕೆ ಹನ್ನೆರಡು ತಿಂಗಳವರೆಗೆ ಅವಕಾಶವಿತ್ತಿದೆ.

ಬಾರದ ಕೇಡನ್ನು ಮುಂದಾಗಿ ತಡೆಯುವುದು ವಿವೇಕವೇ ಸರಿ. ಆದರೆ ಆಗದ ಕಾರ್ಯಕ್ಕೆ ಸಾಕ್ಷಿಯೆಲ್ಲಿಂದ ಬರಬೇಕು? ಆದುದರಿಂದ ಮುಂದೆ ಬಂದು ನಿಂತವನನ್ನು, ದಾರಿ ತೋರಲು ಬಂದೆಯೋ, ಅಡ್ಡಗಟ್ಟಲು ಬಂದೆಯೋ ಎಂದು ಕೇಳುವ ಹಕ್ಕು ಹಿಂದಿನವನಿಗೆ ಇರಲೇಬೇಕು. ಆ ವಿದ್ಯಾರ್ಥಿಯ ಪ್ರಶ್ನೆಗೆ ನಾನು ತಡವಾಗಿ ಕಂಡುಕೊಂಡ ಉತ್ತರವು ಇಷ್ಟೇ.