ಮರೆಯಾದ ಗಾಲಿಕುರ್ಚಿ: ರೂಸ್‌ವೆಲ್ಟರ ಸಾರ್ವಜನಿಕ ಚಿತ್ರದ ಚರಿತ್ರೆ

ಕನ್ನಡದಲ್ಲಿ ‘ತನ್ನ ಕಾಲ ಮೇಲೆ ತಾನು ನಿಲ್ಲುವುದು’ ಎಂದರೆ ಸ್ವಾವಲಂಬನೆ. ನಿಂತಿರುವುದನ್ನು ಸಾಮರ್ಥ್ಯವೆಂದೂ ಕುಳಿತೇ ಇರುವುದನ್ನು ಅಸಹಾಯಕತೆಯೆಂದೂ ಬಗೆಯುವ ಈ ರೂಢಿ ನಮ್ಮ ನುಡಿಗಷ್ಟೇ ಸೀಮಿತವಲ್ಲ. ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಇದು ಒಬ್ಬ ಅಧ್ಯಕ್ಷರ ಸಾರ್ವಜನಿಕ ಚಿತ್ರವನ್ನು ಹೇಗೆ ರೂಪಿಸಿತು, ಮುಂದೆ ಹೇಗೆ ಪ್ರಶ್ನೆಗೆ ಒಳಗಾಯಿತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಫ್ರಾಂಕ್ಲಿನ್ ರೂಸ್‌ವೆಲ್ಟ್ 1921ರ ಆಗಸ್ಟ್‌ನಲ್ಲಿ, ತಮ್ಮ 39ನೆಯ ವಯಸ್ಸಿನಲ್ಲಿ, ಕೆನಡಾದ ಕ್ಯಾಂಪೊಬೆಲ್ಲೊ ದ್ವೀಪದಲ್ಲಿದ್ದಾಗ ಕಾಯಿಲೆ ಬಿದ್ದರು. ವೈದ್ಯರು ಪೋಲಿಯೋ ಎಂದು ನಿರ್ಣಯಿಸಿದ ಆ ಕಾಯಿಲೆ ಅವರ ಎರಡೂ ಕಾಲುಗಳ ಶಕ್ತಿಯನ್ನು ಕಸಿದುಕೊಂಡಿತು. ಓಡಾಟಕ್ಕೆ ಅವರು ಬಳಸಿದ್ದು ಸಾಧಾರಣ ಮರದ ಕುರ್ಚಿಗೆ ಗಾಲಿ ಜೋಡಿಸಿ ಮಾಡಿಸಿದ, ಕೈಗಳಿಲ್ಲದ ಕಿರಿದಾದ ಗಾಲಿಕುರ್ಚಿಯನ್ನು. ಸಾರ್ವಜನಿಕ ಸಭೆಗಳಲ್ಲಾದರೋ ಕಾಲುಗಳಿಗೆ ಉಕ್ಕಿನ ಆಧಾರಪಟ್ಟಿಗಳನ್ನು ಬಿಗಿದು, ಊರುಗೋಲನ್ನೂ ಮಗನ ತೋಳನ್ನೂ ಹಿಡಿದು ನಡೆಯುವಂತೆ ತೋರುತ್ತಿದ್ದರು.

1933ರಿಂದ 1945ರವರೆಗಿನ ಅವರ ಅಧ್ಯಕ್ಷಾವಧಿಯಲ್ಲಿ ಗಾಲಿಕುರ್ಚಿಯ ಚಿತ್ರ ತೆಗೆಯಬಾರದೆಂಬುದು ಪತ್ರಿಕೆಗಳವರು ಬಹುಮಟ್ಟಿಗೆ ಪಾಲಿಸಿದ ಅಲಿಖಿತ ನಿಯಮವಾಗಿತ್ತು. ಮೀರಲು ಹೊರಟವರನ್ನು ಅಂಗರಕ್ಷಕರು ತಡೆಯುತ್ತಿದ್ದರು. ವ್ಯಂಗ್ಯಚಿತ್ರಕಾರರು ಅವರನ್ನು ಓಡುವ, ಜಿಗಿಯುವ ಭಂಗಿಗಳಲ್ಲಿ ಬರೆದರು. ಇಂದು ಹೆಚ್ಚಾಗಿ ಕಾಣಸಿಗುವ ಗಾಲಿಕುರ್ಚಿಯ ಚಿತ್ರವನ್ನು 1941ರಲ್ಲಿ ಹೈಡ್ ಪಾರ್ಕಿನಲ್ಲಿ ತೆಗೆದವರು ಅವರ ಬಂಧು ಮಾರ್ಗರೆಟ್ ಸಕ್ಲಿ, ಪತ್ರಿಕಾ ಛಾಯಾಗ್ರಾಹಕರಲ್ಲ.

ಆದರೆ ಇದನ್ನು ಸಂಪೂರ್ಣ ವಂಚನೆ ಎನ್ನಲಾಗದು. ಅವರಿಗೆ ಪೋಲಿಯೋ ತಗುಲಿದ್ದು ಜನರಿಗೆ ತಿಳಿದೇ ಇತ್ತು. 1934ರಿಂದ ಅವರ ಹುಟ್ಟುಹಬ್ಬದಂದು ಪೋಲಿಯೋಪೀಡಿತರ ನೆರವಿಗಾಗಿ ನೃತ್ಯಕೂಟಗಳು ನಡೆದವು. 1938ರಲ್ಲಿ ಜನರು ಹತ್ತು ಸೆಂಟಿನ ನಾಣ್ಯಗಳನ್ನು ಶ್ವೇತಭವನಕ್ಕೇ ಕಳುಹಿಸಿದರು. ಜನರಿಗೆ ಒಪ್ಪಿತವಾಗಿದ್ದುದು ಕಾಯಿಲೆಯನ್ನು ಗೆದ್ದವನ ಕಥೆ. ಮರೆಯಾಗಿ ಉಳಿದದ್ದು ಗಾಲಿಕುರ್ಚಿಯಲ್ಲೇ ಕುಳಿತು ರಾಜ್ಯವಾಳುವವನ ದಿನಚರಿ.

ಜನಪ್ರಿಯ ಕಲೆಗಳೂ ಇದೇ ಅಚ್ಚಿನಲ್ಲಿ ಸಾಗಿದವು. 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಚಿತ್ರದಲ್ಲಿ ಗಾಲಿಕುರ್ಚಿ ಕ್ರೂರ ಧನಿಕ ಪಾಟರನ ಆಸನ. ಆ ಪಾತ್ರ ವಹಿಸಿದ ಲಯೊನೆಲ್ ಬ್ಯಾರಿಮೋರ್ ನಿಜಜೀವನದಲ್ಲೂ ಗಾಲಿಕುರ್ಚಿ ಬಳಸುತ್ತಿದ್ದರೆಂಬುದು ಗಮನಾರ್ಹ. ರೂಸ್‌ವೆಲ್ಟರನ್ನೇ ಕುರಿತ 1958ರ ನಾಟಕ ‘ಸನ್‌ರೈಸ್ ಅಟ್ ಕ್ಯಾಂಪೊಬೆಲ್ಲೊ’ ಗಾಲಿಕುರ್ಚಿಯನ್ನು ರಂಗದ ಮೇಲೆ ತಂದಿತಾದರೂ, ಅದರ ಶಿಖರವಿರುವುದು 1924ರ ಪಕ್ಷದ ಅಧಿವೇಶನದಲ್ಲಿ ನಾಯಕ ಎದ್ದು ವೇದಿಕೆಯತ್ತ ಸಾಗುವಲ್ಲಿ. ಒಂದೆಡೆ ಗಾಲಿಕುರ್ಚಿ ದುಷ್ಟತನದ ಗುರುತಾದರೆ, ಇನ್ನೊಂದೆಡೆ ದಾಟಿ ಬರಬೇಕಾದ ಕಷ್ಟದ ಗುರುತು. ಅದರಲ್ಲಿ ಕುಳಿತೇ ಬದುಕು ಸಾಗಿಸುವ ಸಾಮಾನ್ಯ ಮನುಷ್ಯನಿಗೆ ಈ ಎರಡರಲ್ಲೂ ಎಡೆಯಿಲ್ಲ. ಬೆನ್ನುಹುರಿ ಘಾಸಿಗೊಂಡ ಮಾಜಿ ಸೈನಿಕರನ್ನೇ ನಟವರ್ಗದಲ್ಲಿ ಸೇರಿಸಿಕೊಂಡ 1950ರ ‘ದ ಮೆನ್’ ಇದಕ್ಕೊಂದು ಅಪವಾದ.

ಪಲ್ಲಟ ಬಂದದ್ದು ಚಳವಳಿಯಿಂದ. 1977ರಲ್ಲಿ ಅಂಗವಿಕಲರು ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಚೇರಿಯೊಂದರಲ್ಲಿ ಮೂರು ವಾರಕ್ಕೂ ಮಿಕ್ಕಿ ಧರಣಿ ಕುಳಿತರು. 1990ರ ಮಾರ್ಚ್‌ನಲ್ಲಿ ಹಲವರು ಗಾಲಿಕುರ್ಚಿಗಳನ್ನು ಕೆಳಗೇ ಬಿಟ್ಟು ಸಂಸತ್ ಭವನದ ಮೆಟ್ಟಿಲುಗಳನ್ನು ತೆವಳಿ ಏರಿದರು. ಕುಂದಿರುವುದು ದೇಹದಲ್ಲಲ್ಲ, ಕಟ್ಟಡದಲ್ಲಿ ಎಂಬುದನ್ನು ಕ್ಯಾಮೆರಾಗಳ ಮುಂದೆಯೇ ತೋರಿಸಿದ ಪ್ರತಿಭಟನೆ ಅದು. ಅದೇ ಜುಲೈನಲ್ಲಿ ಅಂಗವಿಕಲರ ಹಕ್ಕುಗಳ ಕಾಯಿದೆಗೆ ಅಂಕಿತ ಬಿದ್ದಿತು.

ಈ ಹಿನ್ನೆಲೆಯಲ್ಲಿ 1997ರಲ್ಲಿ ವಾಷಿಂಗ್ಟನ್ನಿನಲ್ಲಿ ರೂಸ್‌ವೆಲ್ಟ್ ಸ್ಮಾರಕ ಉದ್ಘಾಟನೆಯಾದಾಗ ವಿವಾದ ಎದ್ದಿತು. ಅಲ್ಲಿನ ಮುಖ್ಯ ಪ್ರತಿಮೆಯಲ್ಲಿ ವಿಶಾಲವಾದ ನಿಲುವಂಗಿ ಕುರ್ಚಿಯನ್ನು ಮುಚ್ಚಿತ್ತು. ಹಿಂಬದಿಯ ಸಣ್ಣ ಗಾಲಿಗಳು ಹುಡುಕಿದರಷ್ಟೇ ಕಾಣುತ್ತಿದ್ದವು. ಅವರೇ ಮರೆಮಾಡಿದ್ದನ್ನು ನಾವೇಕೆ ತೋರಿಸಬೇಕು ಎಂಬುದು ಒಂದು ವಾದ. ಮರೆಮಾಡಬೇಕಾಗಿ ಬಂದದ್ದೂ ಚರಿತ್ರೆಯೇ ಅಲ್ಲವೆ ಎಂಬುದು ಅದಕ್ಕೆ ಉತ್ತರ. ಅಂಗವಿಕಲರ ಸಂಘಟನೆಯೇ 16.5 ಲಕ್ಷ ಡಾಲರ್ ಕೂಡಿಸಿತು. 2001ರ ಜನವರಿಯಲ್ಲಿ, ರಾಬರ್ಟ್ ಗ್ರಹಾಂ ರೂಪಿಸಿದ, ಗಾಲಿಕುರ್ಚಿಯಲ್ಲಿ ಕುಳಿತ ಕಂಚಿನ ಪ್ರತಿಮೆ ಸ್ಮಾರಕದ ಪ್ರವೇಶದಲ್ಲಿ ಸ್ಥಾಪನೆಗೊಂಡಿತು.

ಎತ್ತರದ ಪೀಠವಿಲ್ಲದ ಆ ಪ್ರತಿಮೆ ಆಳೆತ್ತರದ್ದು. ಗಾಲಿಕುರ್ಚಿಯಲ್ಲಿ ಬಂದವರು ಅದನ್ನು ಮುಟ್ಟಬಲ್ಲರು, ಸಮಮಟ್ಟದಲ್ಲಿ ಮುಖಾಮುಖಿಯಾಗಬಲ್ಲರು. ಒಬ್ಬ ನಾಯಕ ಹನ್ನೆರಡು ವರ್ಷ ದೇಶವನ್ನಾಳಿದ್ದು ಕುಳಿತೇ ಎಂಬ ಸರಳ ಸತ್ಯ ಕಂಚಿನಲ್ಲಿ ಮೂಡಲು, ಅವರು ತೀರಿಕೊಂಡ ಮೇಲೆ ಐವತ್ತೈದು ವರ್ಷಗಳೇ ಬೇಕಾದವು. ಸ್ವಾವಲಂಬನೆಯನ್ನು ಕಾಲಿನಿಂದಲೇ ಅಳೆಯುವ ನಮ್ಮ ನುಡಿಗಟ್ಟನ್ನೂ ಈ ಬೆಳಕಿನಲ್ಲಿ ಮತ್ತೊಮ್ಮೆ ನೋಡಬೇಕಾಗಿದೆ.