ಹೊತ್ತಿನ ಲೆಕ್ಕ

ಮಕ್ಕಳಿಗೆ ಎರಡನೆಯ ಮಹಾಯುದ್ಧದ ಪಾಠ ಮಾಡುವಾಗ ಝಸೆಟ್ಸ್ಕಿಯ ಹೆಸರು ಹೇಳದೆ ನಾನು ಮುಂದೆ ಹೋಗುವುದಿಲ್ಲ. 1943ರಲ್ಲಿ ಗುಂಡು ತಗಲಿ ಈ ರಷ್ಯನ್ ಯೋಧನ ಮಿದುಳಿನ ಎಡಭಾಗಕ್ಕೆ ಗಾಯವಾಯಿತು. ಜೀವ ಉಳಿಯಿತು. ಓದು ಹೋಯಿತು, ಗಡಿಯಾರ ನೋಡಿ ಹೊತ್ತು ಹೇಳುವುದೂ ಹೋಯಿತು. ಆದರೂ ಸುಮಾರು ಇಪ್ಪತ್ತೈದು ವರ್ಷ ತಡವರಿಸುತ್ತಲೇ ತನ್ನ ಪಾಡು ಬರೆದಿಟ್ಟ. ವೈದ್ಯ ಲೂರಿಯಾ ಅದನ್ನು ಲೋಕಕ್ಕೆ ತಿಳಿಸಿದರು.

ಬಬಲೇಶ್ವರದ ನನ್ನ ನೆಗೆಣ್ಣಿಗೆ ಯುದ್ಧವೇನೂ ಬೇಕಾಗಲಿಲ್ಲ. ತಿಕೋಟಾದಿಂದ ಬರುವಾಗ ಬೈಕಿನ ಹಿಂದಿನ ಸೀಟಿನಿಂದ ಬಿದ್ದಳು. ವಿಜಯಪುರದ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದು ಬಂದಳು. ತಲೆಯ ಗಾಯ ಮಾಯಿತು. ಆದರೆ ಹಂಚಿನ ಮೇಲೆ ರೊಟ್ಟಿ ಸೀಯುತ್ತಿದ್ದರೂ ಪಕ್ಕದಲ್ಲೇ ಸುಮ್ಮನೆ ನಿಂತಿರುತ್ತಿದ್ದಳು. ಮುಂಜಾನೆ ಬಂದ ಮಗಳಿಗೆ, "ನೀ ನಿನ್ನಿ ಬಂದೆಲ್ಲ?" ಅನ್ನುತ್ತಿದ್ದಳು. ಅತ್ತೆಯವರು ಇದಕ್ಕೆ ಮೈಗಳ್ಳತನವೆಂದು ಹೆಸರಿಟ್ಟರು. ತವರಿಗೆ ಕಳಿಸುವ ಮಾತೂ ಬಂತು.

ಏಟಿಗೆ ಮಿದುಳು ಬುರುಡೆಯೊಳಗೆ ಅಲುಗಿ ಸೂಕ್ಷ್ಮ ನರತಂತುಗಳು ಜಖಂ ಆಗುತ್ತವೆ. ಗಮನ ನಿಲ್ಲದಿದ್ದರೆ ಗಳಿಗೆಗಳು ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ. ಹೊತ್ತಿನ ಲೆಕ್ಕ ತಪ್ಪುತ್ತದೆ. ಹೊರಗೆ ಕಾಣದ ಗಾಯವನ್ನು ಸೊಸೆಯ ಸ್ವಭಾವವೆನ್ನುವುದು ಎಷ್ಟು ಸುಲಭ!

ಬೆಂಗಳೂರಿನ ನಿಮ್ಹಾನ್ಸ್‌ನ ಶೋಭಿನಿ ರಾವ್ ಮತ್ತು ಸಂಗಡಿಗರು 2004ರಲ್ಲಿ ಮಿದುಳಿನ ಕೆಲಸ ಅಳೆಯುವ ಪರೀಕ್ಷೆಗಳನ್ನು ಪ್ರಕಟಿಸಿದರು. ಒಂದರಲ್ಲಿ ಹಾಳೆ ತುಂಬ ಅಂಕಿಗಳು. 6 ಮತ್ತು 9 ಮಾತ್ರ ಹುಡುಕಿ ಗೀಟು ಹಾಕಬೇಕು. ಶಾಲೆ ಕಾಣದವರಿಗೂ ಅಲ್ಲಿ ಬೇರೆ ಅಳತೆಗೋಲುಂಟು. ಗಮನ ಮರಳಿಸುವ ಅಭ್ಯಾಸಗಳಲ್ಲಿ ಒಂದನ್ನು ಕೇಳಿ ಅತ್ತೆಯವರೇ ಮರ ತಂದು ಮುಂದಿಟ್ಟರು: ಬೆರೆತ ಕಾಳುಗಳನ್ನು ಬೇರ್ಪಡಿಸುವುದು, ಎಷ್ಟು ನಿಮಿಷ ಹಿಡಿಯಿತೆಂದು ದಿನವೂ ಬರೆದಿಡುವುದು.