ಕಿವಿಮೂಳೆಗಳು: ಗರ್ಭದಲ್ಲಿ ಬೆಳವಣಿಗೆ

ನಡುಗಿವಿಯಲ್ಲಿ ಒಂದಕ್ಕೊಂದು ಕೂಡಿಕೊಂಡಿರುವ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳು ಕಿವಿತಮಟೆಯ ಕಂಪನವನ್ನು ಒಳಗಿವಿಗೆ ಮುಟ್ಟಿಸುತ್ತವೆ. ರಿಕಾಪು ಸುಮಾರು 3 ಮಿ.ಮೀ. ಎತ್ತರದ್ದು, ಶರೀರದಲ್ಲೇ ಅತಿ ಚಿಕ್ಕ ಮೂಳೆ. ಕೈಕಾಲಿನ ಮೂಳೆಗಳಂತೆ ಇವು ಹುಟ್ಟಿದ ಮೇಲೆ ಬೆಳೆಯುವುದಿಲ್ಲ. ಹೆರಿಗೆಯ ಹೊತ್ತಿಗೇ ದೊಡ್ಡವರ ಕಿವಿಯಲ್ಲಿರುವಷ್ಟು ಗಾತ್ರಕ್ಕೆ ಬಂದಿರುತ್ತವೆ.

ಮೂಳೆಗಳನ್ನು ಐದು ಬಗೆಯಾಗಿ ವಿಂಗಡಿಸಿದ ಸುಶ್ರುತ ಸಂಹಿತೆ ಕಿವಿಗೆ ತರುಣಾಸ್ಥಿ, ಅಂದರೆ ಮೃದ್ವಸ್ಥಿಯನ್ನು ಹೇಳುತ್ತದೆ. ಆದರೆ ಕಿವಿಯೊಳಗಿನ ಪುಟ್ಟ ಮೂಳೆಗಳು ಬೆಳಕಿಗೆ ಬಂದದ್ದು ಇಟಲಿಯ ಶವಚ್ಛೇದನದಲ್ಲಿ. ಮೊದಲೆರಡನ್ನು 1521ರಲ್ಲಿ ಬೆರೆಂಗಾರಿಯೊ ದಾ ಕಾರ್ಪಿ ಪ್ರಸ್ತಾಪಿಸಿದ. ಅವನ್ನು ಸುತ್ತಿಗೆ, ಅಡಿಗಲ್ಲುಗಳಿಗೆ ಹೋಲಿಸಿದವನು 1543ರಲ್ಲಿ ವೆಸಾಲಿಯಸ್. ರಿಕಾಪನ್ನು 1546ರಲ್ಲಿ ನೇಪಲ್ಸ್‌ನಲ್ಲಿ ಗುರುತಿಸಿದ ಕೀರ್ತಿ ಇಂಗ್ರಾಸಿಯಾನದು.

ಇವು ಹುಟ್ಟುವುದೆಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಸಿಗಲು ಮತ್ತೆ ಸುಮಾರು ಮುನ್ನೂರು ವರ್ಷ ಬೇಕಾಯಿತು. ಭ್ರೂಣದ ದವಡೆಯಲ್ಲಿ ಗಲ್ಲದಿಂದ ಕಿವಿಯವರೆಗೆ ಹಬ್ಬುವ ಮೃದ್ವಸ್ಥಿಯ ಕಡ್ಡಿಯನ್ನು 1820ರಲ್ಲಿ ಮೆಕೆಲ್ ವಿವರಿಸಿದ. 1825ರಲ್ಲಿ ರಾಥ್ಕೆ ಹಂದಿಯ ಭ್ರೂಣದ ಕತ್ತಿನಲ್ಲಿ ಮೀನಿನ ಕಿವಿರಿನಂಥ ಸೀಳುಗಳನ್ನು ಕಂಡ. ಇವೆರಡನ್ನೂ ಜೋಡಿಸಿ ನೋಡಿದವನು ಕಾರ್ಲ್ ರೈಕರ್ಟ್. ಹಂದಿಯ ಭ್ರೂಣಗಳನ್ನು ಹಂತಹಂತವಾಗಿ ಪರೀಕ್ಷಿಸಿ, ಸುತ್ತಿಗೆ ಮತ್ತು ಅಡಿಗಲ್ಲು ಆ ದವಡೆಕಡ್ಡಿಯ ಹಿಂತುದಿಯಿಂದಲೇ ಬೇರ್ಪಡುತ್ತವೆಂದು 1837ರಲ್ಲಿ ತೋರಿಸಿದ. ಅಂದರೆ ಹಲ್ಲಿ, ಹಾವುಗಳಲ್ಲಿ ದವಡೆಯ ಕೀಲಾಗಿರುವ ಮೂಳೆಗಳೇ ನಮ್ಮಲ್ಲಿ ಕಿವಿಯ ಮೂಳೆಗಳಾಗಿವೆ. ಜೀವವಿಕಾಸ ಕುರಿತ ಡಾರ್ವಿನ್ನನ ಗ್ರಂಥ ಬರುವುದಕ್ಕೆ 22 ವರ್ಷ ಮೊದಲು ಬಂದ ಈ ಮಾತು ಅಂಗರಚನಾಶಾಸ್ತ್ರದ ಅತ್ಯುತ್ತಮ ಶೋಧಗಳಲ್ಲೊಂದು. ಮುಂದೆ ಅಂಗರಚನಾತಜ್ಞ ಗೌಪ್ ಇದನ್ನು ವಿಸ್ತರಿಸಿದ. ಪಳೆಯುಳಿಕೆಗಳೂ ಸಾಕ್ಷಿ ನುಡಿದವು.

ಮನುಷ್ಯರ ಭ್ರೂಣದಲ್ಲಿ ಮೊದಲೆರಡು ಮೂಳೆಗಳು ಮುಖ್ಯವಾಗಿ ಒಂದನೇ ಕಿವಿರುಕಮಾನಿನಿಂದ (ಕತ್ತಿನ ಆ ಸೀಳುಗಳ ಪಕ್ಕದ ಉಬ್ಬುಪಟ್ಟಿಗಳಲ್ಲಿ ಮೊದಲನೆಯದು), ರಿಕಾಪು ಎರಡನೆಯದರಿಂದ ಮೂಡುತ್ತವೆ. ರಿಕಾಪಿನ ಪಾದದ ಒಂದಂಶ ಮಾತ್ರ ಒಳಗಿವಿಯ ಕವಚದ್ದು. ನರಗಳೂ ಈ ಮೂಲವನ್ನು ಮರೆತಿಲ್ಲ: ಸುತ್ತಿಗೆಯ ಸ್ನಾಯುವಿಗೆ ಅಗಿಯುವ ಸ್ನಾಯುಗಳ ನರ, ರಿಕಾಪಿನ ಸ್ನಾಯುವಿಗೆ ಮುಖದ ನರ. ರಿಕಾಪಿನ ನಡುವಿನ ತೂತಿನ ಕಥೆ ಇನ್ನೂ ಸೊಗಸು. ಅದರ ಜೀವಕೋಶಗಳು ಒಂದು ಪುಟ್ಟ ರಕ್ತನಾಳದ ಸುತ್ತ ಉಂಗುರವಾಗಿ ಕೂಡುತ್ತವೆ. ನಾಳ ಸಾಮಾನ್ಯವಾಗಿ ಅಳಿದುಹೋಗುತ್ತದೆ, ತೂತು ಉಳಿಯುತ್ತದೆ. ಮೊದಲು ಮೃದ್ವಸ್ಥಿಯಾಗಿದ್ದ ಮೂಳೆಗಳು ಸುಮಾರು 16ನೇ ವಾರದಿಂದ ಗಟ್ಟಿಯಾಗತೊಡಗುತ್ತವೆ. ರಿಕಾಪಿನ ಸರದಿ ಕೊನೆಗೆ.

ಮೂಲ ಒಂದೇ ಆದ್ದರಿಂದ ಕಿರಿದಾದ ದವಡೆ, ಮುದುಡಿದ ಹೊರಗಿವಿ ಮತ್ತು ಕಿವಿಮೂಳೆಯ ದೋಷ ಒಂದೇ ಮಗುವಿನಲ್ಲಿ ಕಾಣಿಸಿಕೊಳ್ಳುವುದುಂಟು. ಇಂಥ ಮಕ್ಕಳಲ್ಲಿ ಒಳಗಿವಿ ಸರಿಯಾಗಿದ್ದರೆ ತಲೆಬುರುಡೆಯ ಮೂಲಕ ಶಬ್ದ ಮುಟ್ಟಿಸುವ ಸಾಧನದಿಂದ ಕೇಳಿಸಬಹುದು. 1965ರಲ್ಲಿ ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, ಅದೇ ವರ್ಷ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾದವು. ಹಾಗಾಗಿ ದಾವಣಗೆರೆ ಬಳಿಯ ಮಾಯಕೊಂಡದಂಥ ಹೋಬಳಿಯ ಊರಿನವರಿಗೆ ಕಿವಿಯ ವೈದ್ಯರು ದೂರದವರಲ್ಲ. ಕೂಸಿನ ಕಿವಿಯ ಆಕಾರ ಬೇರೆಯಾಗಿದ್ದರೆ, ದೊಡ್ಡ ಸದ್ದಿಗೂ ಅದು ಬೆಚ್ಚದಿದ್ದರೆ, ಮಾತು ಬರುವವರೆಗೆ ಕಾಯಬಾರದು. ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷದ ನಿರ್ಧಾರ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಆಗಬೇಕೆಂಬುದು ತಜ್ಞರು ಒಪ್ಪಿರುವ ಗಡುವು.